ಎಸ್ಕೋಬಾರ್ ಸೀರಿಯಲ್ ನೋಡಿದ ತಮ್ಮನಿಗೆ ಯಾವ ಪುಸ್ತಕ ಕೊಡಲಿ?

ಕೇಳಿದವರು, ಕುಂಬಳೆ

ನಮಸ್ಕಾರ. ನನ್ನ ತಮ್ಮ ಪ್ಲಸ್ ಟು ಕಾಮರ್ಸ್. ಕೊಲಂಬಿಯಾದ ಕೊಕೇನ್ ದಂಧೆಯ ದೊರೆ ಪಾಬ್ಲೋ ಎಸ್ಕೋಬಾರ್ ಬಗ್ಗೆ ಬಂದ ಸೀರಿಯಲ್ ಪೂರ್ತಿ ನೋಡಿದ್ದಾನೆ. ಈಗ ಫೋನಿನ ವಾಲ್‌ಪೇಪರಿನಲ್ಲೂ ಅವನದೇ ಮುಖ. "ನಿಜವಾದ ಕಥೆ ಇರುವ ಪುಸ್ತಕ ತರಿಸಿಕೊಡಕ್ಕ" ಅಂತ ಬೆನ್ನು ಬಿದ್ದಿದ್ದಾನೆ. ಪುಸ್ತಕ ಕೇಳಿದನಲ್ಲಾ ಅಂತ ನನಗೆ ಖುಷಿ. ಪೇಪರ್ ತೆರೆದರೆ ಎಂಡಿಎಂಎ ಅನ್ನುವ ಡ್ರಗ್ಸ್ ಸುದ್ದಿ, ಹಾಗಾಗಿ ಅಮ್ಮನಿಗೆ ಹೆದರಿಕೆ. ಓದಿದವರು ಹೇಳಿ, ಕೊಡಬಹುದಾ? ಕೊಡುವುದಾದರೆ ಯಾವುದರಿಂದ ಶುರು ಮಾಡಲಿ? ಇಂಗ್ಲಿಷ್ ಓದುತ್ತಾನೆ.

ಪೆರ್ಲ, ಊರಿನ ಗ್ರಂಥಾಲಯ ನೋಡಿಕೊಳ್ಳುವವರು

ಧೈರ್ಯವಾಗಿ ಕೊಡಿ ಅಕ್ಕ. ಬೇಡ ಅಂದರೆ ಅವನು ರೀಲ್ಸ್ ನೋಡುತ್ತಾನೆ. ಅಲ್ಲಿ ಎಸ್ಕೋಬಾರ್ ಅಂದರೆ ಬರೀ ದುಡ್ಡಿನ ಕಂತೆ ಮತ್ತು ಸಾಕಿದ ನೀರುಕುದುರೆಗಳು. ಅವನಿಂದ ಸತ್ತವರು ಯಾರೂ ಆ ವಿಡಿಯೋಗಳಲ್ಲಿ ಇರುವುದಿಲ್ಲ.

ಮೊದಲು ಕೊಡಬೇಕಾದದ್ದು ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಬರೆದ 'ನ್ಯೂಸ್ ಆಫ್ ಎ ಕಿಡ್ನ್ಯಾಪಿಂಗ್'. 1996ರಲ್ಲಿ ಬಂತು. ಬರೆದವರು ನೊಬೆಲ್ ಪಡೆದ ಕಾದಂಬರಿಕಾರ, ಆದರೆ ಇದರಲ್ಲಿರುವುದೆಲ್ಲ ನಡೆದದ್ದೇ. ತನ್ನನ್ನು ಅಮೆರಿಕಕ್ಕೆ ಒಪ್ಪಿಸಬಾರದು ಅಂತ ಕೊಲಂಬಿಯಾ ಸರಕಾರವನ್ನು ಬಗ್ಗಿಸಲು ಎಸ್ಕೋಬಾರ್ 1990ರಲ್ಲಿ ಪತ್ರಕರ್ತರನ್ನೂ ದೊಡ್ಡ ಮನೆತನದವರನ್ನೂ ಹೊತ್ತೊಯ್ಯಿಸಿದ. ಮರೂಹಾ ಪಚೋನ್ ಅನ್ನುವವರನ್ನು ಆರು ತಿಂಗಳು ಕೂಡಿಹಾಕಿದರು. ಒಂದು ಸಣ್ಣ ಕೋಣೆಯಲ್ಲಿ ಮೂವರು ಹೆಂಗಸರು. ಮಾತು ಪಿಸುದನಿಯಲ್ಲೇ ಆಗಬೇಕು. ಅವರಲ್ಲಿ ವಯಸ್ಸಾದವರು ಮರೀನಾ ಮೊಂಟೊಯಾ. 1991ರ ಜನವರಿಯಲ್ಲಿ ಅವರನ್ನು ಅಲ್ಲಿಂದ ಕರೆದುಕೊಂಡು ಹೋಗಿ ಕೊಂದರು. ಆ ಪುಟಗಳನ್ನು ಓದುವಾಗ ನನಗೆ ಕೈಯಿಂದ ಪುಸ್ತಕ ಕೆಳಗಿಡಲೂ ಆಗಲಿಲ್ಲ, ಮುಂದೆ ಓದಲೂ ಆಗಲಿಲ್ಲ.

ನಿಮ್ಮ ತಮ್ಮ ಗಮನಿಸಬೇಕಾದವರು ಕಾವಲಿನ ಹುಡುಗರು. ಮುಖಕ್ಕೆ ಮುಸುಕು, ಕೈಯಲ್ಲಿ ಬಂದೂಕು, ಎಳೇ ಪ್ರಾಯ. ತಾವು ಬೇಗ ಸಾಯುತ್ತೇವೆ ಅಂತ ಅವರಿಗೆ ಗೊತ್ತು. ಅದನ್ನು ಒಪ್ಪಿಕೊಂಡೇ ಕೂತಿದ್ದಾರೆ. ಎಸ್ಕೋಬಾರನ ಸಾಮ್ರಾಜ್ಯ ನಿಂತದ್ದು ಇಂಥ ಹುಡುಗರ ಮೇಲೆ.

ಮಂಜೇಶ್ವರ, ಮಂಗಳೂರಲ್ಲಿ ಪತ್ರಿಕೆ ಕೆಲಸ

ಮೇಲಿನವರು ಹೇಳಿದ್ದು ಒಳ್ಳೆ ಪುಸ್ತಕ. ಆದರೆ ಸೀರಿಯಲ್ ನೋಡಿ ಬಂದ ಹುಡುಗನಿಗೆ ಮೊದಲು ಸ್ವಲ್ಪ ಓಟ ಬೇಕು. ಹಾಗಾಗಿ ಮಾರ್ಕ್ ಬೌಡನ್ ಅವರ 'ಕಿಲ್ಲಿಂಗ್ ಪಾಬ್ಲೋ' (2001) ಮೊದಲು, ಮಾರ್ಕೆಸ್ ಆಮೇಲೆ. ಬೌಡನ್ ಪತ್ರಕರ್ತ, ಎಸ್ಕೋಬಾರನನ್ನು ಹುಡುಕಿ ಹಿಡಿದ ಬಗೆಯನ್ನು ಬಿಡಿಸಿ ಬಿಡಿಸಿ ಬರೆದಿದ್ದಾರೆ. ಅವನು ಮಗನ ಜತೆ ಫೋನಿನಲ್ಲಿ ಮಾತಾಡುತ್ತಿದ್ದ. ಆ ಸಿಗ್ನಲ್ ಹಿಡಿದು ಹೋದವರಿಗೆ ಕೊಲಂಬಿಯಾದ ಮೆಡೆಲಿನ್ ನಗರದ ಒಂದು ಮನೆ ಸಿಕ್ಕಿತು. 1993ರ ಡಿಸೆಂಬರ್ 2, ಅವನಿಗೆ 44 ತುಂಬಿದ ಮರುದಿನ, ಮನೆಯ ಮಾಡಿನ ಮೇಲೆ ಗುಂಡೇಟಿಗೆ ಸತ್ತ. ಅವನನ್ನು ಮುಗಿಸಲು ಹೊರಟವರು ಎಂಥವರ ಜತೆ ಕೈಜೋಡಿಸಿದರು ಅನ್ನುವ ಪ್ರಶ್ನೆಯನ್ನೂ ಬೌಡನ್ ಬಿಡುವುದಿಲ್ಲ.

ಈ ಜಾತಿಯ ಪುಸ್ತಕ ಆರಿಸುವಾಗ ನಾನು ನೋಡುವುದು ಒಂದೇ: ಸತ್ತವರಿಗೆ ಅದರಲ್ಲಿ ಹೆಸರಿದೆಯಾ? 1984ರಲ್ಲಿ ಕಾನೂನು ಮಂತ್ರಿ ರೊದ್ರಿಗೊ ಲಾರಾ ಬೊನಿಯಾ. 1986ರಲ್ಲಿ 'ಎಲ್ ಎಸ್ಪೆಕ್ಟಾದೋರ್' ಪತ್ರಿಕೆಯ ಸಂಪಾದಕ ಗಿಯೆರ್ಮೊ ಕಾನೊ. ಎಸ್ಕೋಬಾರ್ ಯಾರು ಅಂತ ಅವರ ಪತ್ರಿಕೆ ಹೆದರದೆ ಬರೆಯಿತು, ಕಚೇರಿಯಿಂದ ಹೊರಟಾಗ ಅವರನ್ನು ಕೊಂದರು. 1989ರಲ್ಲಿ ವಿಮಾನಕ್ಕೆ ಬಾಂಬ್, ಒಳಗಿದ್ದ 107 ಮಂದಿಯೂ ಹೋದರು. ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ಕಾನೊ ಅವರನ್ನು ಮರೆಯಲು ಆಗುವುದಿಲ್ಲ. ಇಂಥ ಅಪಾಯ ಬೇರೆ ಕಡೆಯೂ ಇದೆ: ಇಟಲಿಯ ಲೇಖಕ ರೊಬೆರ್ತೊ ಸವಿಯಾನೊ ಮಾಫಿಯಾ ಬಗ್ಗೆ ಬರೆದದ್ದಕ್ಕೆ 2006ರಿಂದ ಪೊಲೀಸ್ ಕಾವಲಿನಲ್ಲಿ ಬದುಕುತ್ತಿದ್ದಾರೆ.

ಉಪ್ಪಳ, ಸದ್ಯ ದುಬೈ

ಹುಡುಗನಿಗೆ ಓದುವ ರುಚಿ ಹತ್ತಬೇಕು ಅಂದರೆ ಹೊವಾರ್ಡ್ ಮಾರ್ಕ್ಸ್‌ನ ಆತ್ಮಕಥೆ 'ಮಿಸ್ಟರ್ ನೈಸ್' ಕೊಡಿ. ಆಕ್ಸ್‌ಫರ್ಡ್‌ನಲ್ಲಿ ಫಿಸಿಕ್ಸ್ ಓದಿದವನು ಹಶೀಶ್ (ಚರಸ್) ಸಾಗಿಸುವ ಕೆಲಸಕ್ಕೆ ಇಳಿದ ಕಥೆ. ರಾತ್ರಿ ಡ್ಯೂಟಿ ಮುಗಿಸಿ ಬಂದು ನಿದ್ದೆಗೆಟ್ಟು ಓದಿದ್ದೇನೆ.

ಬದಿಯಡ್ಕ, ಶಾಲೆಯಲ್ಲಿ ಟೀಚರ್

ಅಣ್ಣಾ, ಅದನ್ನು ಈಗಲೇ ಬೇಡ. ಹೇಳುವವನೇ ಕಳ್ಳಸಾಗಣೆದಾರ, ಮಾತಿನಲ್ಲಿ ಮೋಡಿ ಮಾಡುತ್ತಾನೆ. ಅಮೆರಿಕದಲ್ಲಿ 25 ವರ್ಷ ಶಿಕ್ಷೆಯಾಗಿ 1995ರಲ್ಲಿ ಬಿಡುಗಡೆಯಾದ. ಪ್ಲಸ್ ಟು ಹುಡುಗರ ತಲೆಯಲ್ಲಿ ಉಳಿಯುವುದು ಜೈಲಲ್ಲ, ಸುಳ್ಳು ಪಾಸ್‌ಪೋರ್ಟ್ ಮತ್ತು ಮೋಜು. ಒಂದೆರಡು ವರ್ಷ ಕಳೆಯಲಿ.

ಕಾಮರ್ಸ್ ಅಂದಿರಲ್ಲಾ, ಅವನಿಗೆ ಹೇಳಿ ಮಾಡಿಸಿದ್ದು ಟಾಮ್ ವೈನ್‌ರೈಟ್ ಅವರ 'ನಾರ್ಕೊನಾಮಿಕ್ಸ್' (2016). ಡ್ರಗ್ ದಂಧೆಯನ್ನು ಒಂದು ವ್ಯಾಪಾರದ ಹಾಗೆ ಬಿಚ್ಚಿ ತೋರಿಸುತ್ತದೆ. ಒಂದು ಕಿಲೋ ಕೊಕೇನ್‌ಗೆ ಬೇಕಾದ ಕೋಕಾ ಎಲೆಗೆ ಕೊಲಂಬಿಯಾದಲ್ಲಿ ಸುಮಾರು 385 ಡಾಲರ್. ಅದೇ ಕಿಲೋ ಅಮೆರಿಕದಲ್ಲಿ ಚಿಲ್ಲರೆಯಾಗಿ ಮಾರಿ ಮುಗಿಯುವಾಗ 1 ಲಕ್ಷ ಡಾಲರ್ ದಾಟಿರುತ್ತದೆ. ಹೊಲ ನಾಶ ಮಾಡಿ ಎಲೆಯ ಬೆಲೆ ಎರಡು ಪಟ್ಟು ಏರಿದರೂ ಕೊನೆಯ ಬೆಲೆ ಅಲ್ಲಾಡುವುದೇ ಇಲ್ಲ. ಪೆಟ್ಟು ತಿನ್ನುವವನು ಬೆಳೆದವನು. ಅಡಿಕೆ ಬೆಳೆಯುವ ನಮ್ಮವರಿಗೆ ಈ ಲೆಕ್ಕ ಜಾಸ್ತಿ ವಿವರಿಸಬೇಕಾಗಿಲ್ಲ, ಅಲ್ವಾ? ತಮ್ಮನ ಕೈಗೆ ಪೆನ್ಸಿಲ್ ಕೊಟ್ಟು ಈ ಅಧ್ಯಾಯ ಓದಿಸಿ. ನನ್ನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು.

ಕಾಸರಗೋಡು, ವಕೀಲರು

ಪುಸ್ತಕಗಳ ಜತೆ ಇಲ್ಲಿಯ ಕಾನೂನೂ ಅವನಿಗೆ ಗೊತ್ತಿರಲಿ. ಮಾದಕ ವಸ್ತುಗಳ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಎಂಡಿಎಂಎ 10 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ ಜೈಲು, 20ರ ತನಕ ಹೋಗಬಹುದು. ದಂಡ 1 ಲಕ್ಷದಿಂದ ಶುರು. ಜಾಮೀನು ಬಹಳ ಕಷ್ಟ. 'ನಾನು ಬರೀ ಕ್ಯಾರಿಯರ್, ಪೊಟ್ಟಣ ತಂದುಕೊಟ್ಟೆ ಅಷ್ಟೆ' ಅಂದರೆ ಶಿಕ್ಷೆ ಕಮ್ಮಿಯಾಗುವುದಿಲ್ಲ. ಕೋರ್ಟಿನ ವರಾಂಡದಲ್ಲಿ ಇಂಥ ಹುಡುಗರ ತಾಯಂದಿರು ಕೂತಿರುವುದನ್ನು ನೋಡುತ್ತಲೇ ಇರುತ್ತೇನೆ.

ಅಮ್ಮನಿಗೆ ಇದನ್ನೂ ಹೇಳಿ: ಚಟಕ್ಕೆ ಬಿದ್ದವನು ಸಣ್ಣ ಪ್ರಮಾಣದ ಕೇಸಿನಲ್ಲಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ 64ಎ ಸೆಕ್ಷನ್ನಿನಲ್ಲಿ ರಕ್ಷಣೆ ಇದೆ. ಮನೆಯವರು ಮುಚ್ಚಿಡುವುದೇ ಜಾಸ್ತಿ, ಹಾಗಾಗಿ ಬರೆದೆ.

ಕೇಳಿದವರು, ಕುಂಬಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಕಿಲ್ಲಿಂಗ್ ಪಾಬ್ಲೋ' ಆರ್ಡರ್ ಮಾಡಿದೆ. ಅಮ್ಮ ತಾನೂ ಏನಾದರೂ ಓದುತ್ತೇನೆ ಅನ್ನುತ್ತಿದ್ದಾರೆ. ಕನ್ನಡದಲ್ಲಿ ಯಾವುದಿದೆ?

ಪೆರ್ಲ, ಊರಿನ ಗ್ರಂಥಾಲಯ ನೋಡಿಕೊಳ್ಳುವವರು

ಅಗ್ನಿ ಶ್ರೀಧರ್ ಅವರ 'ದಾದಾಗಿರಿಯ ದಿನಗಳು' ಇದೆ. ಡ್ರಗ್ ಕಥೆಯಲ್ಲ, ಬೆಂಗಳೂರಿನ ಭೂಗತ ಲೋಕ. ಒಳಗಿದ್ದವರೇ ಬರೆದದ್ದು, ಹಾಗಾಗಿ ಟೀಚರ್ ಹೇಳಿದ ಎಚ್ಚರಿಕೆ ಇದಕ್ಕೂ ಬೇಕು. ಮಾರ್ಕೆಸ್ ಪುಸ್ತಕದ ಇಂಗ್ಲಿಷ್ ಪ್ರತಿ ನನ್ನ ಹತ್ತಿರವೇ ಇದೆ, ಕೊಳ್ಳಬೇಡಿ. ತಮ್ಮನನ್ನೇ ಕಳಿಸಿ, ಸಂಜೆ ಹೊತ್ತು ಗ್ರಂಥಾಲಯ ತೆರೆದಿರುತ್ತದೆ.