‘ತಿಂದೆ’, ‘ತಿಂದುಬಿಟ್ಟೆ’: ಈ ಎರಡರ ನಡುವೆ ಇರುವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕಲ್ಲ, ದಿನಾ ರಾತ್ರಿ ಬರೆಯುವುದಕ್ಕೇ ಬೇಕು. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಎರಡು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ ಅಂತಾರಲ್ಲ, ಮೂರು ತಿಂಗಳ ಸರಾಸರಿ ಸಕ್ಕರೆ, ಅದು 6.3 ಬಂತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತಲೇ ಲೆಕ್ಕ. ಮಾತ್ರೆ ಬೇಡ, ಮೊದಲು ಊಟ ಸರಿ ಮಾಡೋಣ, ಏನು ತಿಂದರೂ ಬರೆದಿಡಿ ಅಂತ ಡಯಟಿಷಿಯನ್ ಹೇಳಿದರು. ಎಷ್ಟು ಹೊತ್ತಿಗೆ, ಏನು, ಎಷ್ಟು, ಹಸಿವಿತ್ತಾ ಅಂತ ನಾಲ್ಕು ಕಾಲಂ. ಐದನೆಯದು ‘ಅವೇರ್‌ನೆಸ್’. ತಿನ್ನುವಾಗ ತಿನ್ನುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿತ್ತಾ ಇಲ್ವಾ, ಅಷ್ಟು ಬರೆದರೆ ಸಾಕು ಅಂದರು.

ನಾನು ಹಾಲಿನ ಲೆಕ್ಕವನ್ನೂ ಕನ್ನಡದಲ್ಲೇ ಬರೆಯುವವಳು. ಹಾಗಾಗಿ ಐದನೇ ಕಾಲಂ ಮೇಲೆ ‘ಪ್ರಜ್ಞೆ’ ಅಂತ ಬರೆದೆ. ಎರಡನೇ ದಿನ ಹೀಗಿತ್ತು: ಸಂಜೆ 5.20, ಮಿಕ್ಸ್ಚರ್, ಎರಡು ಹಿಡಿ, ಹಸಿವಿರಲಿಲ್ಲ, ಪ್ರಜ್ಞೆ ಇರಲಿಲ್ಲ. ಪುಸ್ತಕ ಟೇಬಲ್ ಮೇಲೆ ತೆರೆದೇ ಇತ್ತು. ನಮ್ಮತ್ತೆ ಕನ್ನಡಕ ಹಾಕಿಕೊಂಡು ಓದಿದವರೇ ಅಡುಗೆಮನೆಗೆ ಬಂದರು, ಮುಖ ಪೂರ್ತಿ ಗಾಬರಿ. ‘ಯಾವಾಗವ್ವ ತಪ್ಪಿದ್ದು? ನಂಗ್ಯಾಕೆ ಯೋಳ್ನಿಲ್ಲ?’ ಅಂದರು. ವಿಷಯ ಬಿಡಿಸಿ ಹೇಳಿದ ಮೇಲೆ ಅಲ್ಲೇ ಸ್ಟೂಲ್ ಮೇಲೆ ಕೂತು, ‘ಅದಾ, ಗ್ಯಾನ ಇರ್ನಿಲ್ಲ ಅನ್ನು’ ಅಂದರು. ಅವರು ಮಂಡ್ಯದ ಕಡೆಯವರು.

ಅವತ್ತಿನಿಂದ ಈ ಪದಗಳು ನನ್ನ ತಲೆಯಲ್ಲೇ ಓಡಾಡುತ್ತಿವೆ.

‘ಪ್ರಜ್ಞೆ’ ಅಂದರೆ ನಮಗೆ ಮೊದಲು ನೆನಪಾಗುವುದು ಆಸ್ಪತ್ರೆ. ಪ್ರಜ್ಞೆ ತಪ್ಪಿತು, ಪ್ರಜ್ಞೆ ಬಂತು. ಇನ್ನೊಂದು ಕಡೆ ಸಾಮಾಜಿಕ ಪ್ರಜ್ಞೆ, ಸಮಯಪ್ರಜ್ಞೆ ಅಂತ ಭಾಷಣದಲ್ಲೂ ಇದೆ. ಸಂಸ್ಕೃತದಲ್ಲಿ ಇದರ ದಾರಿಯೇ ಬೇರೆ. ಮಾಂಡೂಕ್ಯ ಉಪನಿಷತ್ತು ಬರೀ ಹನ್ನೆರಡು ಮಂತ್ರದ್ದು. ಅದರಲ್ಲಿ ಗಾಢನಿದ್ದೆಯಲ್ಲಿ ಇರುವವನಿಗೆ ‘ಪ್ರಾಜ್ಞ’ ಅಂತಲೇ ಹೆಸರು. ನಾವು ಯಾರಿಗೆ ಪ್ರಜ್ಞೆಯೇ ಇಲ್ಲ ಅನ್ನುತ್ತೇವೋ ಅವನಿಗೇ ಆ ಹೆಸರು! ನನಗೆ ಇನ್ನೂ ಹಿಡಿಸಿದ್ದು ಅಂದರೆ ಅಲ್ಲಿ ಎಚ್ಚರ, ಕನಸು, ನಿದ್ದೆ ಮೂರನ್ನೂ ಊಟದ ಮಾತಲ್ಲೇ ಹೇಳಿದ್ದಾರೆ. ಎಚ್ಚರದಲ್ಲಿರುವವನು ಸ್ಥೂಲಭುಕ್, ಕಣ್ಣಿಗೆ ಕಾಣುವುದನ್ನು ಉಣ್ಣುವವನು. ಕನಸಿನಲ್ಲಿರುವವನು ಪ್ರವಿವಿಕ್ತಭುಕ್, ಸೂಕ್ಷ್ಮವಾದದ್ದನ್ನು ಉಣ್ಣುವವನು. ನಿದ್ದೆಯಲ್ಲಿರುವವನು ಆನಂದಭುಕ್. ಊಟದ ಪುಸ್ತಕ ಬರೆಯುತ್ತಾ ಕೂತವಳಿಗೆ ಇದನ್ನು ಓದಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಆದರೆ ಮಿಕ್ಸ್ಚರ್ ಪಕ್ಕ ಬರೆಯುವ ಪದ ಇದಲ್ಲ.

ಯಾಕೆ ಅಲ್ಲ ಅಂತ ಹೇಳುತ್ತೇನೆ. ಅವತ್ತು ಸಂಜೆ ನಾನು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುತ್ತಾ ನಿಂತಿದ್ದೆ. ಮಾತು ಮುಗಿಸಿ ನೋಡಿದರೆ ಡಬ್ಬಿಯ ಸ್ಟೀಲ್ ಮುಚ್ಚಳದಲ್ಲಿ ಕರಿಬೇವಿನ ಎಲೆ ಮಾತ್ರ ಉಳಿದಿತ್ತು. ಒಂಬತ್ತು ಎಲೆ, ಎಣಿಸಿದೆ. ತಿಂದದ್ದು ನನಗೆ ಗೊತ್ತಿಲ್ಲ, ಆದರೆ ಕರಿಬೇವು ಬೇಡ ಅಂತ ಪಕ್ಕಕ್ಕೆ ಸರಿಸಿದ್ದು ನನ್ನ ಕೈಯೇ ಅಲ್ವಾ? ಇದು ಬೇಕು, ಇದು ಬೇಡ ಅಂತ ಆರಿಸಲು ಒಳಗೆ ಏನೋ ಎಚ್ಚರವಾಗಿ ಇರಲೇಬೇಕು. ಹಾಗಾದರೆ ಪ್ರಜ್ಞೆ ಇತ್ತು. ಇಲ್ಲದೆ ಇದ್ದದ್ದು ಬೇರೆ ಏನೋ. ಇಂಗ್ಲಿಷಿನವರು ಇದಕ್ಕೆ ಕಾನ್ಷಿಯಸ್‌ನೆಸ್, ಅವೇರ್‌ನೆಸ್ ಅಂತ ಎರಡು ಪದ ಇಟ್ಟುಕೊಂಡಿದ್ದಾರೆ. ಅನುವಾದ ಮಾಡುವಾಗ ನಾವು ಎರಡಕ್ಕೂ ಪ್ರಜ್ಞೆ ಅಂತಲೋ ಅರಿವು ಅಂತಲೋ ಹಾಕಿ ಮುಂದೆ ಹೋಗುತ್ತೇವೆ. ನನಗೆ ಬೇಕಾದದ್ದು ಆ ಎರಡನೆಯದು.

‘ಎಚ್ಚರ’ ಹಾಕಿ ನೋಡಿದೆ. ನಿದ್ದೆಯಿಂದ ಏಳುವುದೂ ಎಚ್ಚರ, ಹುಷಾರಾಗಿರು ಅನ್ನುವುದಕ್ಕೂ ಎಚ್ಚರ. ಹೋಳಿಗೆ ಪಕ್ಕ ‘ಎಚ್ಚರ’ ಅಂತ ಬರೆದರೆ ಹೋಳಿಗೆಯಲ್ಲಿ ಏನೋ ಅಪಾಯ ಇದೆ ಅನ್ನಿಸುತ್ತದೆ. ‘ಗಮನ’ ಪರವಾಗಿಲ್ಲ, ಆದರೆ ಗಮನವನ್ನು ನಾವು ಕೊಡಬೇಕು, ನಾನು ಹೇಳುತ್ತಿರುವುದು ತಾನಾಗಿ ಬರುವಂಥದ್ದು. ಕನ್ನಡದಲ್ಲಿ ಹಸಿವೂ ‘ನನಗೆ’ ಆಗುತ್ತದೆ, ಎಚ್ಚರವೂ ‘ನನಗೆ’ ಆಗುತ್ತದೆ, ಗೊತ್ತಾಗುವುದೂ ‘ನನಗೆ’ ಗೊತ್ತಾಗುತ್ತದೆ. ‘ನಾನು’ ಮಾಡುವುದು ತಿನ್ನುವುದೊಂದೇ.

‘ಅರಿವು’ ನನಗೆ ತುಂಬಾ ಇಷ್ಟದ ಪದ. ‘ಅಱಿ’ ಅನ್ನುವ ಹಳೆಯ ಧಾತು, ತಮಿಳಿನಲ್ಲಿ ಇವತ್ತಿಗೂ ಅಱಿವು ಅಂದರೆ ತಿಳಿವಳಿಕೆ. 12ನೇ ಶತಮಾನದ ಶರಣರ ಮಾತಿನಲ್ಲಿ ಇದರ ಜೋಡಿ ಪದ ಮರೆವು. ಅರಿವಿಗೆ ಎದುರು ಅಜ್ಞಾನ ಅನ್ನದೆ ಮರೆವು ಅಂದದ್ದು ಎಷ್ಟು ಸೂಕ್ಷ್ಮ ನೋಡಿ! ಆದರೆ ಈಗ ಕಾನೂನು ಅರಿವು ಕಾರ್ಯಕ್ರಮ, ಆರೋಗ್ಯ ಅರಿವು ಜಾಥಾ ಅಂತ ಬ್ಯಾನರ್ ಮೇಲೆ ನೋಡಿ ನೋಡಿ, ಅರಿವು ಅಂದರೆ ಬೇರೆಯವರು ನಮ್ಮಲ್ಲಿ ಮೂಡಿಸುವ ವಸ್ತು ಅನ್ನುವ ಹಾಗಾಗಿದೆ.

ಇನ್ನು ‘ಪರಿವೆ’. ಅರ್ಥಕ್ಕೆ ಇದೇ ಸರಿ. ಆದರೆ ‘ಪರಿವೆಯೇ ಇರಲಿಲ್ಲ’, ‘ಪರಿವೆಯಿಲ್ಲದೆ’ ಅಂತ ಕೇಳಿದ್ದೇನೆಯೇ ಹೊರತು ‘ಪರಿವೆ ಇತ್ತು’ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಧಾರವಾಡದ ಗೆಳತಿ ‘ಖಬರಿಲ್ಲದ ತಿಂದೆ ಅಂತ ಬರೀ’ ಅಂದಳು. ಅವರ ಕಡೆ ಖಬರಗೇಡಿ ಅನ್ನುವ ಬೈಗುಳವೂ ಇದೆ. ಅದೂ ಇಲ್ಲದೆ ಇರುವುದನ್ನೇ ಹೇಳುವ ಪದ. ಅರಬ್ಬಿಯಿಂದ ಸುದ್ದಿ ಅನ್ನುವ ಅರ್ಥ ಹೊತ್ತು ಬಂದ ಖಬರು ನಮ್ಮಲ್ಲಿ ಹೀಗಾದದ್ದು ಚೆಂದ. ಬಾಯಿ ತಿನ್ನುತ್ತಿರುವ ಸುದ್ದಿ ತಲೆಗೆ ಮುಟ್ಟಿಲ್ಲ.

ಮೊನ್ನೆ ಭಾನುವಾರ ಪುಸ್ತಕ ಮೊದಲಿನಿಂದ ತಿರುವಿ ಹಾಕಿದೆ. 41 ದಿನ ಆಗಿತ್ತು. ಆಗ ಒಂದು ವಿಷಯ ಕಣ್ಣಿಗೆ ಬಿತ್ತು, ಈ ಪತ್ರ ಬರೆಯುತ್ತಿರುವುದೇ ಅದಕ್ಕೆ. ಬೆಳಗ್ಗೆ ಮಧ್ಯಾಹ್ನದ್ದೆಲ್ಲ ‘ಎರಡು ಇಡ್ಲಿ ತಿಂದೆ’, ‘ಮುದ್ದೆ, ಸೊಪ್ಪಿನ ಸಾರು ಊಟ ಮಾಡಿದೆ’ ಅಂತಿದೆ. ಸಂಜೆ ನಾಲ್ಕರಿಂದ ಆರರ ನಡುವಿನದು ಮಾತ್ರ ‘ಚಕ್ಕುಲಿ ತಿಂದುಬಿಟ್ಟೆ’, ‘ಮಗು ಉಳಿಸಿದ ಬಿಸ್ಕತ್ತು ಬಾಯಿಗೆ ಹಾಕಿಕೊಂಡುಬಿಟ್ಟೆ’. ಬೇಕು ಅಂತ ಹಾಗೆ ಬರೆದದ್ದಲ್ಲ. ಐದನೇ ಕಾಲಂನಲ್ಲಿ ಏನೂ ಬರೆಯದ ದಿನಗಳಲ್ಲೂ ಕ್ರಿಯಾಪದವೇ ಅದನ್ನು ಹೇಳಿತ್ತು. ಎಲ್ಲ ಕಡೆ ‘ಬಿಡು’ಗೆ ಈ ಅರ್ಥ ಇಲ್ಲ ಅನ್ನುವುದು ನಿಜ. ಮಗುವಿಗೆ ‘ಹಾಲು ಕುಡಿದುಬಿಡು’ ಅಂದರೆ ಮುಗಿಸು ಅಂತ. ‘ಊಟ ಮಾಡಿಬಿಟ್ಟೆ’ ಅಂದರೆ ಆಗಲೇ ಆಯಿತು ಅಂತ. ಆದರೆ ‘ಹೇಳಿಬಿಟ್ಟೆ’, ‘ತಿಂದುಬಿಟ್ಟೆ’ ಅಂತ ನನ್ನ ಬಗ್ಗೆ ನಾನೇ ಹೇಳಿಕೊಳ್ಳುವಾಗ, ಮಾಡಿದ ಮೇಲೆ ಗೊತ್ತಾದದ್ದು ಅನ್ನುವುದು ಅದರೊಳಗೇ ಸೇರಿರುತ್ತದೆ.

ಇನ್ನೊಂದು ತೊಡಕು. ಮೇ ತಿಂಗಳ ಒಂದು ದಿನ ಒಂದು ರಸಪುರಿ ಹಣ್ಣು ತಿಂದೆ. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ತೊಟ್ಟು ಕಚ್ಚಿ ತೆಗೆದು, ಹಿಂಡಿ, ರಸ ಮೊಣಕೈವರೆಗೂ ಇಳಿಯುತ್ತಿತ್ತು. ಪಕ್ಕದ ಮನೆಯವರು ಎರಡು ಸಲ ಕರೆದರಂತೆ, ಕೇಳಿಸಲೇ ಇಲ್ಲ. ‘ಮೈಮರೆತು ತಿಂದೆ’ ಅಂತ ಬರೆದೆ. ಆದರೆ ಅದರ ಒಂದೊಂದು ಗುಟುಕೂ ನೆನಪಿದೆ, ವಾಟೆ ಚೀಪಿದ್ದೂ ನೆನಪಿದೆ. ಹಾಗಾದರೆ ಮೈಮರೆವು ಅರಿವಿಗೆ ಎದುರಲ್ಲ. ಫೋನಿನ ಜೊತೆ ತಿಂದ ಮಿಕ್ಸ್ಚರ್‌ಗೂ ಈ ಹಣ್ಣಿಗೂ ಇರುವ ವ್ಯತ್ಯಾಸ ನೆನಪೇ.

ಇಲ್ಲಿಗೆ ಬಂದ ಮೇಲೆ ಅತ್ತೆಯ ‘ಗ್ಯಾನ’ ಸರಿ ಅನ್ನಿಸತೊಡಗಿತು. ಅವರ ಮಾತಲ್ಲಿ ಗ್ಯಾನ ತಪ್ಪಿದರೆ ಮೂರ್ಛೆ, ಗ್ಯಾನ ಮಡಗು ಅಂದರೆ ಲಕ್ಷ್ಯ ಕೊಡು, ಗ್ಯಾನ ಬಂತು ಅಂದರೆ ನೆನಪಾಯಿತು. ಮೂರೂ ಒಂದೇ ಪದದಲ್ಲಿ. ಬೌದ್ಧರ ಪಾಲಿಯಲ್ಲಿ ‘ಸತಿ’ ಅನ್ನುವುದೂ ಸಂಸ್ಕೃತದ ‘ಸ್ಮೃತಿ’ಯೇ, ಮೂಲದಲ್ಲಿ ನೆನಪು. ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ ಅದನ್ನು 1881ರಲ್ಲಿ ಮೈಂಡ್‌ಫುಲ್‌ನೆಸ್ ಅಂತ ಇಂಗ್ಲಿಷಿಗೆ ತಂದರು. ಈಗ ಡಯಟಿಷಿಯನ್ ಹೇಳುವುದೂ ಅದನ್ನೇ. ನಾವೂ ಮೂರ್ಛೆ ಹೋದವರಿಗೆ ಸ್ಮೃತಿ ತಪ್ಪಿತು ಅನ್ನುತ್ತೇವಲ್ಲ.

ಸದ್ಯಕ್ಕೆ ಕಾಲಂ ಮೇಲೆ ‘ಗ್ಯಾನ’ ಅಂತಲೇ ಬರೆಯುತ್ತಿದ್ದೇನೆ. ಅದನ್ನು ‘ಜ್ಞಾನ’ ಅಂತ ತಿದ್ದಿದರೆ ಅರ್ಥವೇ ಹೊರಟು ಹೋಗುತ್ತದೆ, ಹಾಗಾಗಿ ತಿದ್ದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟು. ಗ್ಯಾನ ಈ ಮೂರೂ ಅರ್ಥದಲ್ಲಿ ಮಂಡ್ಯ, ಮೈಸೂರು ಬಿಟ್ಟು ಬೇರೆಲ್ಲಿ ಬಳಕೆಯಲ್ಲಿದೆ? ಕರಾವಳಿಯವರು, ಮಲೆನಾಡಿನವರು ಇಂಥ ಕಡೆ ಏನನ್ನುತ್ತೀರಿ? ‘ಪರಿವೆ ಇತ್ತು’ ಅಂತ ಯಾರಾದರೂ ಮನೆಯಲ್ಲಿ ಸಹಜವಾಗಿ ಹೇಳುತ್ತೀರಾ? ಮತ್ತೆ ‘ಬಾಯಾಡಿಸು’ ಅನ್ನುವುದರಲ್ಲಿ ಗೊತ್ತಿಲ್ಲದೆ ತಿನ್ನುವುದು ಅನ್ನುವ ಅರ್ಥ ನಿಮಗೆ ಕೇಳಿಸುತ್ತದಾ, ಅಥವಾ ಹಸಿವಿಲ್ಲದೆ ತಿನ್ನುವುದು ಅಂತ ಮಾತ್ರವಾ? ಇವತ್ತು ಸಂಜೆಯದ್ದು ಇನ್ನೂ ಬರೆದಿಲ್ಲ, ಕಡಲೆಪುರಿ, ಒಂದು ಬಟ್ಟಲು.