ಮಳೆಗಾಲದಲ್ಲಿ ಅಪ್ಪ-ಅಮ್ಮನ್ನ ಹೊರಗೆ ಕರ್ಕೊಂಡು ಬರೋಕೆ ಯಾವ ಗಾಡಿ ತಗೊಳ್ಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮನೆ ಮಡಿಕೇರಿಯಿಂದ ಮಕ್ಕಂದೂರು ಕಡೆ, ಮೇನ್ ರೋಡಿಂದ ಎರಡು ಕಿಲೋಮೀಟರ್ ಒಳಗೆ, ಕೊನೇ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ, ಮಧ್ಯೆ ಒಂದು ತೋಡು (ಸಣ್ಣ ಹಳ್ಳ) ಬೇರೆ ದಾಟ್ಬೇಕು. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಅಪ್ಪ-ಅಮ್ಮ ತೋಟದೊಳಗೆ ನಡ್ಕೊಂಡೇ ಹೊರಗೆ ಬಂದ್ರು, ಕಾರು ಶೆಡ್ಡಲ್ಲೇ ಉಳೀತು. ಈಗ ಅಪ್ಪಂಗೆ 74, ಅಮ್ಮಂಗೆ ಮಂಡಿ ಆಪರೇಷನ್ ಆಗಿದೆ, ನಾನಿರೋದು ಬೆಂಗಳೂರಲ್ಲಿ. ಇರೋ ಸಣ್ಣ ಕಾರು ಕೊಟ್ಟು ಫೋರ್ ವೀಲ್ ಡ್ರೈವ್ ತಗೊಂಡು ನೀರು ದಾಟೋಕೆ ಸ್ನಾರ್ಕೆಲ್, ಸಿಕ್ಕಾಕ್ಕೊಂಡ್ರೆ ಮರಕ್ಕೆ ಹಗ್ಗ ಕಟ್ಟಿ ಗಾಡಿ ಎಳ್ಕೊಳ್ಳೋ ವಿಂಚ್, ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್ ಎಲ್ಲ ಹಾಕ್ಸೋಣ ಅಂತಿದೀನಿ. 8 ಲಕ್ಷದವರೆಗೆ ಆಗ್ಬೋದು, ಸೆಕೆಂಡ್ ಹ್ಯಾಂಡ್ ಆದ್ರೂ ಓಕೆ. ಜೀಪ್ ಕೆಲಸ ಗೊತ್ತಿರೋ ಅಣ್ಣಂದಿರು ಹೇಳಿ.

ಉತ್ತರ (ಗ್ಯಾರೇಜ್ ಇಟ್ಕೊಂಡು 22 ವರ್ಷ ಆಯ್ತು, ಜಾಸ್ತಿ ತೋಟದ ಗಾಡಿಗಳೇ ಬರೋದು):
ಮೊದ್ಲು ಒಂದು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಗಾಡಿ ಓಡ್ಸೋರು ಯಾರು? ನೀವು ಬೆಂಗಳೂರಲ್ಲಿ, ಅಂದ್ರೆ ರಾತ್ರಿ ಎರಡು ಗಂಟೆಗೆ ಮಳೇಲಿ ಸ್ಟೇರಿಂಗ್ ಹಿಡಿಯೋರು ನಿಮ್ಮಪ್ಪ. ಅವ್ರು ದಿನಾ ಓಡ್ಸೋ ಗಾಡಿನೇ ಅವತ್ತೂ ಕೈಗೆ ಸಿಗೋದು. ಶೆಡ್ಡಲ್ಲಿ ಕವರ್ ಹಾಕಿ ಆರು ತಿಂಗಳು ನಿಲ್ಸಿದ್ ಜೀಪು ಬೇಕಾದಾಗ ಬ್ಯಾಟರಿ ಸತ್ತು ಕೂತಿರುತ್ತೆ, ಇದನ್ನ ಪ್ರತಿ ಜೂನಲ್ಲೂ ನೋಡ್ತೀನಿ ನಾನು.

ಗಾಡಿ ವಿಷ್ಯಕ್ಕೆ ಬಂದ್ರೆ, ಹೊಸ ಥಾರ್ ಚೆನ್ನಾಗಿದೆ, 650 ಮಿಲಿಮೀಟರ್ ನೀರಲ್ಲಿ ಹೋಗುತ್ತೆ ಅಂತ ಕಂಪನಿನೇ ಹೇಳುತ್ತೆ, ಆದ್ರೆ ನಿಮ್ ಬಜೆಟ್ಟಿಗೆ ಕಷ್ಟ, ಮೂರು ಡೋರಿಂದು, ಮಂಡಿ ಆಪರೇಷನ್ ಆದ ಅಮ್ಮ ಹತ್ತೋ ಹೊತ್ತಿಗೆ ಬೆಳಗಾಗುತ್ತೆ. ಜಿಪ್ಸಿ ಹಗುರ, ಕೆಸರಲ್ಲಿ ರಾಜ, ಆದ್ರೆ 2019ಕ್ಕೆ ಬರೋದು ನಿಂತಿದೆ, ಆರ್ಮಿ ಹರಾಜಿಂದು ಅಂತ ಮಾರ್ತಾರಲ್ಲ ಅದ್ರ ಆರ್‌ಸಿ ಸರಿ ಇಲ್ದೆ ತಗೋಬೇಡಿ. ನನ್ ಕೇಳಿದ್ರೆ ಹಳೇ ಬೊಲೆರೋ. ಹೌದು, ಟೂ ವೀಲ್ ಡ್ರೈವ್ ಅದು, ನೆಲದಿಂದ ಕ್ಲಿಯರೆನ್ಸ್ 180 ಮಿಲಿಮೀಟರ್ ಅಷ್ಟೇ, ಆದ್ರೆ ಸುಳ್ಯ, ಸೋಮವಾರಪೇಟೆ ಎಲ್ಲಿ ಹೋದ್ರೂ ಪಾರ್ಟ್ಸ್ ಸಿಗುತ್ತೆ, ನಾಲ್ಕು ಡೋರು, ಒಂದು ಫುಟ್‌ಸ್ಟೆಪ್ ಹಾಕ್ಸಿ ಮೇಲೆ ಒಂದು ಹಿಡಿಕೆ ಹಾಕ್ಸಿದ್ರೆ ಅಮ್ಮ ತಾವೇ ಹತ್ತುತ್ತಾರೆ. ಮಣ್ಣು ರಸ್ತೆಗೆ ಹಿಂದಿನ ಎರಡು ವೀಲಿಗೆ ಚೈನು ಸಾಕು. ಫೋರ್ ವೀಲೇ ಬೇಕು ಅಂದ್ರೆ ಬೊಲೆರೋ ಕ್ಯಾಂಪರ್ ಪಿಕಪ್ಪಲ್ಲಿ ಬರುತ್ತೆ, ಸಸ್ಪೆನ್ಷನ್ ಮಾತ್ರ ಕಲ್ಲು.

ಲಿಫ್ಟ್ ಕಿಟ್ ಬೇಡ್ವೇ ಬೇಡ. ತಿರುವಲ್ಲಿ ಗಾಡಿ ವಾಲುತ್ತೆ, ಅಮ್ಮಂಗೆ ಇನ್ನೂ ಎತ್ತರ ಆಗುತ್ತೆ. ಮುಂದೆ ದಪ್ಪ ಕಬ್ಬಿಣದ ಗಾರ್ಡ್ ಕೂಡ ಬೇಡ, 2017ರಿಂದಲೇ ಅದಕ್ಕೆ ನಿಷೇಧ ಇದೆ. ವಿಂಚ್ ಚೆನ್ನಾಗೇ ಇರುತ್ತೆ ಯೂಟ್ಯೂಬಲ್ಲಿ, ನಮ್ ಕಡೆ ಅದನ್ನ ಕಟ್ಟೋದು ಸಿಲ್ವರ್ ಓಕಿಗೆ, ಹತ್ತು ದಿನ ಮಳೆ ಕುಡಿದ ಬರೆಯಲ್ಲಿ (ಗುಡ್ಡದ ಕಡಿದಾದ ಇಳಿಜಾರಲ್ಲಿ) ಆ ಮರನೇ ನಿಮ್ ಕಡೆಗೆ ಬಂದ್ರೆ?

ಆ ದುಡ್ಡು ಟೈರಿಗೆ ಹಾಕಿ. ಸೈಡಲ್ಲಿ ನಾಲ್ಕು ನಂಬರ್ ಇರುತ್ತೆ, 2319 ಅಂದ್ರೆ 2019ನೇ ಇಸವಿ 23ನೇ ವಾರ ಮಾಡಿದ್ದು ಅಂತ. ಟೈರಿನ ಗ್ರಿಪ್ ಎಷ್ಟೇ ಉಳಿದಿದ್ರೂ ಆರು ವರ್ಷ ದಾಟಿದ ಟೈರನ್ನ ನಾನು ಘಾಟಿಗೆ ಬಿಡಲ್ಲ. ಮಡ್ ಟೈರ್ ಅಂತ ಹೋಗ್ಬೇಡಿ, ಒದ್ದೆ ಟಾರಲ್ಲಿ ಜಾರುತ್ತೆ, ಎ.ಟಿ. (ಆಲ್ ಟೆರೇನ್, ಟಾರಿಗೂ ಮಣ್ಣಿಗೂ ಆಗೋದು) ಸಾಕು. ವೈಪರ್ ಬ್ಲೇಡ್, ಬ್ಯಾಟರಿ, ಮುಂದೆ-ಹಿಂದೆ ಚಾಸಿಸ್ಸಿಗೆ ಸೇರಿದ ಗಟ್ಟಿ ಟೋ ಹುಕ್. ಬಂಪರಿಗೆ ಹಗ್ಗ ಕಟ್ಟಿ ಎಳ್ದು ಬಂಪರ್ ಒಂದೇ ಮನೆಗೆ ತಗೊಂಡು ಹೋದೋರೂ ಇದಾರೆ.

ಇನ್ನೊಬ್ಬರು:
ಅಣ್ಣ ಸ್ನಾರ್ಕೆಲ್ ಬಗ್ಗೆ ಹೇಳ್ಲೇ ಇಲ್ಲ? ಅದಿದ್ರೆ ತೋಡು ದಾಟ್ಬೋದಲ್ವ?

ಉತ್ತರ:
ಸ್ನಾರ್ಕೆಲ್ ಮಾಡೋದು ಒಂದೇ ಕೆಲ್ಸ, ಇಂಜಿನ್ ಗಾಳಿ ಎಳ್ಕೊಳ್ಳೋ ಬಾಯಿ ಮೇಲಕ್ಕೆ ತರೋದು. ಆ ಬಾಯಿಗೆ ನೀರು ಹೋದ್ರೆ ಪಿಸ್ಟನ್ನಿಗೆ ನೀರನ್ನ ಅಮುಕೋಕೆ ಆಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ನೀರಲ್ಲಿ ಆಫ್ ಆದ ಗಾಡಿನ ಮತ್ತೆ ಸೆಲ್ಫ್ ಹೊಡೀಬೇಡಿ ಅನ್ನೋದು ಅದಕ್ಕೇ, ಮಾಮೂಲಿ ಇನ್ಶೂರೆನ್ಸಲ್ಲಿ ಅದಕ್ಕೆ ದುಡ್ಡೂ ಬರಲ್ಲ, ಇಂಜಿನ್ ಪ್ರೊಟೆಕ್ಟ್ ಬೇರೆ ತಗೋಬೇಕು. ಡಿಫರೆನ್ಷಿಯಲ್ಲಿಗೂ (ಆಕ್ಸಲ್ ಮಧ್ಯದ ಗೇರ್ ಡಬ್ಬಕ್ಕೂ) ಒಂದು ಉಸಿರಾಟದ ಪೈಪ್ ಇದೆ, ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ತಕ್ಷಣ ಅದ್ರಲ್ಲಿ ನೀರು ಎಳ್ಕೊಳ್ಳುತ್ತೆ, ಆಯಿಲ್ ಬಿಚ್ಚಿ ನೋಡಿದ್ರೆ ಹಾಲು ಹಾಕಿದ ಕಾಫಿ. ಆ ಪೈಪ್ ಮೇಲಕ್ಕೆ ಏರ್ಸೋಕೆ ಎರಡು ಮೀಟರ್ ಹೋಸು, ಒಂದು ಕ್ಲಾಂಪು ಅಷ್ಟೇ, ಅದನ್ನ ಖಂಡಿತ ಮಾಡ್ಸಿ.

ಆದ್ರೆ ತೋಡಿನ ವಿಷ್ಯ ಬೇರೆ. ನಿಂತ ನೀರು ಬೇರೆ, ಹರಿಯೋ ನೀರು ಬೇರೆ. ಒಂದಡಿ ಹರಿಯೋ ನೀರು ಸಣ್ಣ ಕಾರನ್ನ ಎತ್ತುತ್ತೆ, ಎರಡಡಿ ಬಂದ್ರೆ ಜೀಪೂ ಹೋಗುತ್ತೆ. ಸ್ನಾರ್ಕೆಲ್ ಇದ್ದ ಗಾಡಿ ಇಂಜಿನ್ ಆನ್ ಇಟ್ಕೊಂಡೇ ತೇಲ್ಕೊಂಡು ಹೋಗುತ್ತೆ, ಅಷ್ಟೇ ವ್ಯತ್ಯಾಸ. ಇನ್ನೊಂದು, ಜೋರು ಮಳೆ ಇರ್ವಾಗ ತೋಡಿನ ನೀರು ಇದ್ದಕ್ಕಿದ್ದಂಗೆ ಕಮ್ಮಿ ಆದ್ರೆ ಖುಷಿ ಪಡ್ಬೇಡಿ, ಮೇಲೆಲ್ಲೋ ಬರೆ ಜರಿದು ಕಟ್ಟಿಕೊಂಡಿರ್ಬೋದು, ತೋಡಿನ ಹತ್ರಕ್ಕೇ ಹೋಗ್ಬೇಡಿ, ಎತ್ತರಕ್ಕೆ ನಡೀರಿ.

ಕೇಳಿದವರು:
ಅಣ್ಣ ಹಾಗಾದ್ರೆ ತೋಡು ತುಂಬಿದ್ರೆ ಯಾವ ಗಾಡಿ ಇದ್ರೂ ಪ್ರಯೋಜನ ಇಲ್ಲ ಅಂತಾಯ್ತಲ್ಲ.

ಉತ್ತರ:
ಅದಕ್ಕೇ ಗಾಡಿ ತೋಡಿನ ಈಚೆ ಇರ್ಲಿ. 2018ರಲ್ಲಿ ಮಡಿಕೇರಿ–ಸಂಪಾಜೆ ಹೈವೇನೇ ಕಿತ್ಕೊಂಡು ಹೋಗಿತ್ತು, ಅವತ್ತು ಎಂಥಾ ಜೀಪ್ ಇದ್ದೋರೂ ಒಂದೇ, ಸ್ಕೂಟರ್ ಇದ್ದೋರೂ ಒಂದೇ. ಆರೆಂಜ್ ಅಲರ್ಟ್ ಅಂದ ದಿನನೇ ಮೇನ್ ರೋಡ್ ಹತ್ರ ಪರಿಚಯದವ್ರ ಅಂಗಳದಲ್ಲಿ ನಿಲ್ಸಿ, ಮೂತಿ ರಸ್ತೆ ಕಡೆಗೆ, ಮೇಲೆ ಮರ ಇರ್ಬಾರ್ದು, ಹಿಂದೆ ಬರೆ ಇರ್ಬಾರ್ದು, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳೀಬಾರ್ದು ಯಾಕಂದ್ರೆ ಕರೆಂಟ್ ಹೋದ್ರೆ ಬಂಕಲ್ಲಿ ಪಂಪೂ ನಿಲ್ಲುತ್ತೆ. ಒಂದು ಕೀ ಅಪ್ಪನ ಜೇಬಲ್ಲಿ, ಇನ್ನೊಂದು ಆ ಮನೆಯವ್ರ ಹತ್ರ. ಗಾಡಿಯೊಳಗೆ ಅಮ್ಮನ ಮಾತ್ರೆ, ಆಧಾರ್, ಜಮೀನಿನ ಪೇಪರ್ ಜೆರಾಕ್ಸ್, ಟಾರ್ಚು, ಕತ್ತಿ, ಹಗ್ಗ. ರೆಡ್ ಅಂದ್ರೆ ಹಗಲಲ್ಲೇ ಇಬ್ರನ್ನೂ ಪೇಟೆಗೆ ಕಳ್ಸಿ, ಕತ್ಲೆ ಆದ್ಮೇಲೆ ಯೋಚ್ನೆ ಮಾಡೋದಲ್ಲ. ಮನೆಯಿಂದ ತೋಡಿನವರೆಗೆ ಅಮ್ಮ ವಾಕರಲ್ಲಿ ಎಷ್ಟು ಹೊತ್ತಿಗೆ ಬರ್ತಾರೆ ಅಂತ ಈಗ್ಲೇ ಒಂದ್ಸಲ ನಡ್ಸಿ ನೋಡಿ, ಗಾಡಿಗಿಂತ ಅಲ್ಲೊಂದು ಗಟ್ಟಿ ಕಾಲುಸಂಕಕ್ಕೆ (ನಡ್ಕೊಂಡು ದಾಟೋ ಸಣ್ಣ ಸೇತುವೆಗೆ) ದುಡ್ಡು ಹಾಕೋದು ಮುಖ್ಯ ಆಗ್ಬೋದು. ಸಿಕ್ಕಾಕ್ಕೊಂಡ್ರೆ ತುರ್ತು ನಂಬರ್ 112, ಇಲ್ಲ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೆ ಫೋನ್ ಮಾಡಿ.

ಕೇಳಿದವರು:
ಅಪ್ಪಂಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳ್ದೆ ಅಣ್ಣ. "ತೋಡಿನ ಈಚೆನೇ ನಿಲ್ಸೋದಾದ್ರೆ ಬೊಲೆರೋ ಯಾಕೆ, ಈ ಕಾರೇ ನಿಲ್ಸಿದ್ರಾಯ್ತಲ್ಲ, ಸಂಕ ಮಾಡ್ಸು" ಅಂದ್ರು.

ಉತ್ತರ:
ನನ್ ಗಿರಾಕಿ ಕೈತಪ್ಪಿಸಿದ್ರಲ್ಲ ನಿಮ್ಮಪ್ಪ 😄 ಸರಿಯಾಗೇ ಹೇಳಿದಾರೆ. ಆ ಕಾರಿನ ಟೈರ್ ಸೈಡಿನ ಫೋಟೋ ತೆಗ್ದು ಕಳ್ಸೋಕೆ ಹೇಳಿ, ಸ್ಟೆಪ್ನಿದೂ ಸೇರ್ಸಿ ಐದೂ ಬೇಕು.