ಸಹಾಯ ಬೇಕು: ಡೋಮ್ ಪೋರ್ಟ್ ಹಾಕಿದರೆ ಹವಳದ ಚಿತ್ರದ ಮೂಲೆಗಳು ಮಸುಕು

ನಮಸ್ಕಾರ. ನೀರಿನೊಳಗೆ, ಕ್ಯಾಮೆರಾದ ಜಲನಿರೋಧಕ ಪೆಟ್ಟಿಗೆಗೆ ಡೋಮ್ ಪೋರ್ಟ್ (ಗುಮ್ಮಟದಂತೆ ಉಬ್ಬಿದ ಗಾಜಿನ ಕಿಟಕಿ) ಹಾಕಿ ಹವಳದ ದಿಬ್ಬಗಳನ್ನು ವೈಡ್ ಆಂಗಲ್‌ನಲ್ಲಿ ತೆಗೆಯುವಾಗ ಮೂಲೆಗಳು ಕೆಡುತ್ತಿವೆ. ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಫುಲ್ ಫ್ರೇಮ್ ಕ್ಯಾಮೆರಾ, 16-35 ಮಿ.ಮೀ. ಲೆನ್ಸ್, 85 ಮಿ.ಮೀ. ತ್ರಿಜ್ಯದ ಡೋಮ್, 30 ಮಿ.ಮೀ. ಎಕ್ಸ್‌ಟೆನ್ಶನ್ ರಿಂಗ್ (ಡೋಮನ್ನು ಲೆನ್ಸಿನಿಂದ ಮುಂದಕ್ಕೆ ಸರಿಸುವ ಬಳೆ), ಎರಡು ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್). 16 ಮಿ.ಮೀ., ಎಫ್/8 ಅಪರ್ಚರ್‌ನಲ್ಲಿ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ) ನಡುವಿನ ಮೆದುಳು ಹವಳದ ಒಂದೊಂದು ಗೆರೆಯೂ ಕಾಣುತ್ತದೆ. ಎಡ ಮೂಲೆಯ ಕವಲು ಹವಳದ ತುದಿಗಳು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಹೊರಕ್ಕೆ ಎಳೆದುಕೊಂಡಿವೆ. ನೀರಿನ ಹೊರಗೆ, ಡೋಮ್ ಇಲ್ಲದೆ, ಅದೇ ಲೆನ್ಸ್ ಚೊಕ್ಕವಾಗಿದೆ.

ನೀರಿನೊಳಗೆ ಡೋಮ್ ದೂರದ ವಸ್ತುವಿನ ಮಿಥ್ಯಾಬಿಂಬವನ್ನು (ಲೆನ್ಸ್ ನಿಜಕ್ಕೂ ಫೋಕಸ್ ಮಾಡುವ ತೋರಿಕೆಯ ಚಿತ್ರ) ತ್ರಿಜ್ಯದ ಸುಮಾರು ಮೂರು ಪಟ್ಟು ಮುಂದೆ, ಅಂದರೆ ಇಲ್ಲಿ ಗಾಜಿನಿಂದ 25 ಸೆಂ.ಮೀ. ದೂರದಲ್ಲಿ ಮೂಡಿಸುತ್ತದೆ. ಆ ಬಿಂಬ ಬಾಗಿರುತ್ತದೆ, ಸೆನ್ಸರ್ ಚಪ್ಪಟೆ; ಹಾಗಾಗಿ ನಡು ಫೋಕಸ್ ಆದಾಗ ಮೂಲೆ ತಪ್ಪುತ್ತದೆ. ಎಫ್/13ಕ್ಕೆ, ಅಂದರೆ ಇನ್ನೂ ಕಿರಿದಾದ ಕಿಂಡಿಗೆ, ಹೋದರೆ ಮೂಲೆ ಸುಧಾರಿಸುತ್ತದೆ ನಿಜ, ಆದರೆ ಹಿಂದಿನ ನೀಲಿ ಕಪ್ಪಾಗುತ್ತದೆ. ಐಎಸ್ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 200 ಇದ್ದದ್ದು 500 ದಾಟಬೇಕು; ಏರಿಸದಿದ್ದರೆ ಸ್ಟ್ರೋಬ್ ಫುಲ್ ಪವರ್‌ನಲ್ಲಿ ಮತ್ತೆ ಚಾರ್ಜ್ ಆಗುವಷ್ಟರಲ್ಲಿ ಮೀನಿನ ಹಿಂಡು ಚದುರಿರುತ್ತದೆ.

ನನ್ನ ಅನುಮಾನ ರಿಂಗಿನ ಮೇಲೆ. ಲೆನ್ಸಿನ ಎಂಟ್ರೆನ್ಸ್ ಪ್ಯೂಪಿಲ್ (ಮುಂದಿನಿಂದ ನೋಡಿದಾಗ ಒಳಗೆ ಕಾಣುವ ಅಪರ್ಚರ್ ಕಿಂಡಿ) ಡೋಮಿನ ವಕ್ರತಾಕೇಂದ್ರದಲ್ಲಿ ಕೂರಬೇಕು. ಪ್ಯಾನೊರಮಾ ಹೆಡ್ (ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸಿ ತಿರುಗಿಸುವ ಟ್ರೈಪಾಡ್ ತಲೆ) ಮೇಲಿಟ್ಟು ಅಳೆದರೆ 16ಕ್ಕೂ 35ಕ್ಕೂ ಆ ಜಾಗ ಬೇರೆ ಬೇರೆ ಬರುತ್ತಿದೆ. ಯಾವುದಕ್ಕೆ ಹೊಂದಿಸುತ್ತೀರಿ? ಝೂಮ್ ಬಿಟ್ಟು 16ರಲ್ಲೇ ನಿಲ್ಲುವುದು ಒಳ್ಳೆಯದೇ?

+2 ಕ್ಲೋಸಪ್ ಲೆನ್ಸ್ (ಹತ್ತಿರಕ್ಕೆ ಫೋಕಸ್ ಆಗಲು ಲೆನ್ಸಿನ ಮುಂದೆ ಹಾಕುವ ಗಾಜು) ಹಾಕಿದವರಿಗೆ ಮೂಲೆಯಲ್ಲಿ ಬಣ್ಣದ ಅಂಚು ಬಂತೇ? 20, 40 ಮಿ.ಮೀ. ರಿಂಗ್‌ಗಳಲ್ಲಿ ತೆಗೆದ ಚಿತ್ರ ಇದ್ದರೆ ಅಪರ್ಚರ್, ಫೋಕಸ್ ದೂರ ಎರಡನ್ನೂ ಬರೆದು ಹಾಕಿ, ಕತ್ತರಿಸದೆ.